ಕಾನೂನು ಕಾಲೇಜಿಗೆ ಬಂದ ಬರೆಯುವ ಯಂತ್ರ



ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಕನ್ನಡ ಕೇಳುಗರ ಮುಂದೆ ಇವತ್ತು ನಾನು ಮಾತಾಡಲು ಆರಿಸಿಕೊಂಡ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ನಾನು ಮೆಟ್ರಿಕ್ ಪಾಸಾದವನು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಕಾನೂನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಆದರೂ ಕಾನೂನು ಕಾಲೇಜಿನ ಓದು ಮತ್ತು ಪರೀಕ್ಷೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕಾರಣ ಇಷ್ಟೇ. ಇವತ್ತು ಆ ಕಾಲೇಜಿನ ಬೆಂಚಿನ ಮೇಲೆ ಕುಳಿತ ಹುಡುಗ ನಾಳೆ ಕರಿ ಕೋಟು ಹಾಕಿಕೊಂಡು, ನಮ್ಮ ಪಹಣಿಯ ನಕಲು ಕೈಯಲ್ಲಿ ಹಿಡಿದು ಕೋರ್ಟಿನಲ್ಲಿ ನಿಲ್ಲುತ್ತಾನೆ. ಅವನು ಕಲಿತದ್ದೆಷ್ಟು, ಕಲಿಯದೆ ಬಿಟ್ಟದ್ದೆಷ್ಟು ಎಂಬ ಲೆಕ್ಕ ಕೊನೆಗೆ ನಮ್ಮ ಹೊಲದ ಮೇಲೆಯೇ ಬೀಳುತ್ತದೆ.

ನಮ್ಮ ಓಣಿಯ ಹುಡುಗನೊಬ್ಬ ಹೈದರಾಬಾದಿನಲ್ಲಿ ಮೂರು ವರ್ಷದ ಎಲ್‌ಎಲ್.ಬಿ. ಓದುತ್ತಿದ್ದಾನೆ. ಹತ್ತನೆಯವರೆಗೆ ಕನ್ನಡ ಶಾಲೆ. ಅವರ ಮನೆತನದಲ್ಲಿ ಕಾಲೇಜು ಕಂಡವನು ಇವನೇ ಮೊದಲು. ಒಂದು ಹಬ್ಬಕ್ಕೆ ಊರಿಗೆ ಬಂದಾಗ ಎಂಟು ಪುಟದ ಇಂಗ್ಲಿಷ್ ಬರಹವೊಂದನ್ನು ತಂದು, "ಕಾಕಾ, ಇದು ಕಾಲೇಜಿಗೆ ಕೊಡೋ ಅಸೈನ್‌ಮೆಂಟು. ಒಂದು ಸಲ ನೋಡ್ರಿ" ಅಂದ. ಸರ್ಕಾರ ಬಡವರಿಗೆ ಹಂಚಿದ ಜಮೀನನ್ನು ಮಾರಲು ಬರುತ್ತದೆಯೇ ಎಂಬುದು ವಿಷಯ. ಬ್ಯಾಂಕಿನ ಸುತ್ತೋಲೆ ಓದಿ ಓದಿ ನನಗೂ ಅಷ್ಟಿಷ್ಟು ಇಂಗ್ಲಿಷ್ ಬರುತ್ತದೆ. ಓದಿದೆ. ಭಾಷೆ ಬಹಳ ಚೆನ್ನಾಗಿತ್ತು, ಒಂದು ಅಕ್ಷರ ತಪ್ಪಿರಲಿಲ್ಲ. ಆದರೆ ಅದರಲ್ಲಿ 1978ರ ಒಂದು ಕಾಯ್ದೆಯ ಹೆಸರಿತ್ತು, ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬೇಕು ಎಂದಿತ್ತು. ನಮ್ಮ ಅಕ್ಕನ ಮನೆ ಬೀದರ ಕಡೆ. ಅಲ್ಲಿ ಪಿ.ಟಿ.ಸಿ.ಎಲ್. ಕೇಸು ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೆ. ಇದು ಅದೇ ಕಾಯ್ದೆ, ಕರ್ನಾಟಕದ್ದು.

"ತಮ್ಮಾ, ನಿನ್ನ ಕಾಲೇಜು ತೆಲಂಗಾಣದ್ದು, ಪ್ರಶ್ನೆ ತೆಲಂಗಾಣದ ಜಮೀನಿನದ್ದು. ಕಾಯ್ದೆ ಕರ್ನಾಟಕದ್ದು ಹೆಂಗ ಬಂತು?" ಎಂದು ಕೇಳಿದೆ. ಹುಡುಗ ತಲೆ ಕೆರೆದುಕೊಂಡ. ಆಮೇಲೆ ನಿಜ ಹೇಳಿದ. ಮೊಬೈಲಿನಲ್ಲಿ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಕನ್ನಡದಲ್ಲಿ ಪ್ರಶ್ನೆ ಹಾಕಿದ್ದ. ಅದು ಐದು ನಿಮಿಷದಲ್ಲಿ ಉತ್ತರ ಕೊಟ್ಟಿತ್ತು. ಅದರಿಂದಲೇ ಇಂಗ್ಲಿಷ್ ಮಾಡಿಸಿಕೊಂಡಿದ್ದ. ಬರಹದ ಕೊನೆಗೆ ಹೈಕೋರ್ಟಿನ ಒಂದು ತೀರ್ಪಿನ ಹೆಸರು, ಇಸವಿ, ನಂಬರು ಎಲ್ಲ ಇತ್ತು. "ಈ ತೀರ್ಪು ಓದಿದಿ ಏನಪಾ?" ಅಂದೆ. ಓದಿರಲಿಲ್ಲ. ಎರಡು ದಿನ ಹುಡುಕಿದ. ಅಂಥ ತೀರ್ಪು ಎಲ್ಲೂ ಸಿಗಲಿಲ್ಲ. ಆ ಹೆಸರಿನ ವಾದಿ ಇಲ್ಲ, ಪ್ರತಿವಾದಿ ಇಲ್ಲ, ಆ ನಂಬರಿನಲ್ಲಿ ಇದ್ದದ್ದು ಬೇರೆ ಯಾವುದೋ ವ್ಯಾಜ್ಯ.

ಗಡಿಯ ಜನರಾದ ನಮಗೆ ಇದು ಸಣ್ಣ ಮಾತಲ್ಲ. 1956ರ ನವೆಂಬರ್ 1ಕ್ಕೆ ಮೊದಲು ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯ ತಾಲೂಕುಗಳು, ತಾಂಡೂರು ಗುಲ್ಬರ್ಗಾ ಜಿಲ್ಲೆಯದು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ನಾವು ಆಂಧ್ರಕ್ಕೆ ಬಂದೆವು, 2014ರಲ್ಲಿ ತೆಲಂಗಾಣವಾಯಿತು. ಮನೆಯ ಮಾತು, ಬೀಗರ ಸಂಬಂಧ ಆ ಕಡೆಗೂ ಉಳಿದವು. ಕಾನೂನು ಮಾತ್ರ ಬೇರೆಯಾಯಿತು. ಕರ್ನಾಟಕದ 1978ರ ಕಾಯ್ದೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನಿಗೆ ಸಂಬಂಧಿಸಿದ್ದು. ನಮ್ಮಲ್ಲಿ ಇರುವುದು 1977ರ ಅಸೈನ್ಡ್ ಜಮೀನುಗಳ ಕಾಯ್ದೆ. ಅದು ಜಮೀನಿಲ್ಲದ ಬಡವರಿಗೆ ಸರ್ಕಾರ ಕೊಟ್ಟ ಜಮೀನಿಗೆ ಅನ್ವಯಿಸುತ್ತದೆ, ಜಾತಿಯ ಮಿತಿ ಇಲ್ಲ. ಆ ಕಡೆ ಉಪವಿಭಾಗಾಧಿಕಾರಿಯ ಕಚೇರಿಗೆ ಹೋಗಬೇಕು. ಈ ಕಡೆ ಕಾನೂನು ಕಲೆಕ್ಟರಿಗೆ, ಇಲ್ಲವೆ ತಹಸೀಲ್ದಾರರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಗೆ ಅಧಿಕಾರ ಕೊಟ್ಟಿದೆ. ಆ ಕಡೆ ಭೂಮಿ ತಂತ್ರಾಂಶದ ಪಹಣಿ. ಈ ಕಡೆ 2020ರಲ್ಲಿ ಧರಣಿ ಬಂತು, 2025ರಲ್ಲಿ ಅದರ ಬದಲಿಗೆ ಭೂ ಭಾರತಿ ಬಂತು. ಇಷ್ಟು ವ್ಯತ್ಯಾಸ ತಿಳಿಯದ ವಕೀಲ ನಮ್ಮ ವಕಾಲತ್ತು ಹಿಡಿದರೆ ಪೇಶಿಯ ಮೇಲೆ ಪೇಶಿ ಬಿದ್ದು ವರ್ಷಗಳೇ ಕಳೆಯುತ್ತವೆ.

ಯಂತ್ರ ಹೀಗೇಕೆ ಮಾಡಿತು? ಇದು ತಿಳಿಯಲು ಅದು ಕೆಲಸ ಮಾಡುವ ರೀತಿಯನ್ನು ಸ್ವಲ್ಪ ನೋಡಬೇಕು. ಚಾಟ್‌ಜಿಪಿಟಿ ಎಂಬ ಹೆಸರಿನ ಇಂಥ ಯಂತ್ರ 2022ರ ನವೆಂಬರ್ ಕೊನೆಗೆ ಜನರ ಕೈಗೆ ಬಂತು. ಆಮೇಲೆ ಜೆಮಿನಿ ಮೊದಲಾದ ಬೇರೆ ಬೇರೆ ಹೆಸರಿನವೂ ಬಂದವು. ಇವಕ್ಕೆ ಕೋಟಿಗಟ್ಟಲೆ ಪುಟಗಳ ಬರಹವನ್ನು ಉಣಿಸಿರುತ್ತಾರೆ. ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಅವು ಆ ಬರಹದಿಂದ ಕಲಿತಿರುತ್ತವೆ. ಕೇಳಿದ ಪ್ರಶ್ನೆಗೆ ಮಾತಿನ ಮುಂದೆ ಮಾತು ಜೋಡಿಸುತ್ತಾ ಉತ್ತರ ಕಟ್ಟುತ್ತವೆ.

ತಹಸೀಲ್ ಕಚೇರಿಯ ಮುಂದೆ ಮರದ ಕೆಳಗೆ ಅರ್ಜಿ ಬರೆಯುವವರು ಕೂತಿರುತ್ತಾರಲ್ಲ, ಅವರನ್ನು ನೆನೆಯಿರಿ. ಮೂವತ್ತು ವರ್ಷ ಬರೆದವರಿಗೆ ಅರ್ಜಿಯ ಒಕ್ಕಣೆ ಬಾಯಿಪಾಠ. ನೀವು ಸರ್ವೆ ನಂಬರು ಹೇಳದಿದ್ದರೆ ಅವರು ಆ ಜಾಗ ಖಾಲಿ ಬಿಟ್ಟು, "ನಂಬರು ತಗೊಂಡು ಬರ್ರಿ" ಎನ್ನುತ್ತಾರೆ. ಈ ಯಂತ್ರ ಎಷ್ಟೋ ಸಲ ಖಾಲಿ ಬಿಡುವುದಿಲ್ಲ. ಅಲ್ಲಿ ಒಂದು ನಂಬರು ಇರಬೇಕು ಎಂದು ಅದಕ್ಕೆ ಗೊತ್ತು, ಹಾಗಾಗಿ ನಂಬರಿನಂತೆ ಕಾಣುವ ಒಂದನ್ನು ತುಂಬಿಬಿಡುತ್ತದೆ. ತೀರ್ಪಿನ ಹೆಸರು, ಇಸವಿಗಳೂ ಹಾಗೆಯೇ ಹುಟ್ಟುತ್ತವೆ. ಇನ್ನು ಕನ್ನಡದಲ್ಲಿ ಕೇಳಿದರೆ ಕರ್ನಾಟಕದ ಕಾನೂನು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಕನ್ನಡದಲ್ಲಿ ಇರುವ ಕಾನೂನಿನ ಬರಹವೆಲ್ಲ ಬಹುಮಟ್ಟಿಗೆ ಕರ್ನಾಟಕದ್ದೇ. ತೆಲಂಗಾಣದಲ್ಲಿ ಕನ್ನಡ ಮಾತಾಡುವ ನಾವು ಇದ್ದೇವೆ ಎಂಬುದನ್ನು ನಾವಾಗಿ ಹೇಳದಿದ್ದರೆ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಷ್ಟ.

ಇದು ಓಣಿಯ ಹುಡುಗನೊಬ್ಬನ ಕಥೆ ಮಾತ್ರವಲ್ಲ. 2023ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಒಂದು ಮೊಕದ್ದಮೆ ನಡೆಯಿತು. ವಿಮಾನದೊಳಗೆ ತಿಂಡಿ ತರುವ ಲೋಹದ ಗಾಡಿ ತಾಗಿ ಮೊಣಕಾಲಿಗೆ ಪೆಟ್ಟಾಯಿತು ಎಂದು ಪ್ರಯಾಣಿಕರೊಬ್ಬರು ಅವಿಯಾಂಕಾ ಎಂಬ ವಿಮಾನ ಕಂಪನಿಯ ಮೇಲೆ ದಾವೆ ಹಾಕಿದ್ದರು. ಅವರ ವಕೀಲರು ಚಾಟ್‌ಜಿಪಿಟಿಯಿಂದ ಪಡೆದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟರು. ಎದುರು ಕಡೆಯವರು ಹುಡುಕಿದರೆ ಅಂಥ ತೀರ್ಪುಗಳೇ ಇಲ್ಲ. ವಕೀಲರು "ಇವು ನಿಜವೇ?" ಎಂದು ಯಂತ್ರವನ್ನೇ ಕೇಳಿದ್ದರಂತೆ, ಅದು ನಿಜವೆಂದೇ ಹೇಳಿತ್ತು. ಕಳ್ಳನನ್ನೇ ಸಾಕ್ಷಿ ಕೇಳಿದ ಹಾಗಾಯಿತು. ಕೋರ್ಟು 5000 ಡಾಲರ್ ದಂಡ ಹಾಕಿತು.

ನಮ್ಮ ಸಮೀಪಕ್ಕೇ ಬನ್ನಿ. 2024ರ ಡಿಸೆಂಬರ್ ಕೊನೆಗೆ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಒಂದು ಆದೇಶದಲ್ಲಿ ಸುಪ್ರೀಂ ಕೋರ್ಟಿನ ಮತ್ತು ಮದ್ರಾಸ್ ಹೈಕೋರ್ಟಿನ ಹೆಸರಿನಲ್ಲಿ ಇಲ್ಲದ ತೀರ್ಪುಗಳು ಸೇರಿಹೋಗಿದ್ದವು. ಕೆಲವೇ ದಿನಗಳಲ್ಲಿ ಆ ಆದೇಶವನ್ನು ವಾಪಸು ಪಡೆಯಬೇಕಾಯಿತು. ಯಂತ್ರದಿಂದಲೇ ಅವು ಬಂದಿರಬೇಕು ಎಂಬ ಮಾತು ವಕೀಲರಲ್ಲಿ ಎದ್ದಿತು. 2025ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್ ಇನ್ನೊಂದು ಸಂಗತಿಯನ್ನು ಕಂಡಿತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಆದೇಶವೊಂದು ಆಧಾರವಾಗಿ ಹಿಡಿದ ತೀರ್ಪುಗಳು ಎಲ್ಲೂ ಇರಲಿಲ್ಲ. ಇದರ ಬಗ್ಗೆ ವಿಚಾರಣೆಯಾಗಬೇಕೆಂದು ಹೈಕೋರ್ಟ್ ಹೇಳಿತು. ಪಳಗಿದವರ ಮೇಜಿನ ಮೇಲೆಯೇ ಇಂಥದು ಬಂದಿರುವಾಗ, ಕಲಿಯುವ ಹುಡುಗರು ಎಡವುವುದು ದೊಡ್ಡದಲ್ಲ. ಎಡವಿದ್ದನ್ನು ಕಾಲೇಜಿನಲ್ಲೇ ಹಿಡಿದು ತಿದ್ದುವವರು ಬೇಕು.

ಈಗ ಪರೀಕ್ಷೆಯ ಮಾತಿಗೆ ಬರೋಣ. 2023ರ ಆರಂಭದಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕರು ಒಂದು ಪ್ರಯೋಗ ಮಾಡಿದರು. ನಾಲ್ಕು ವಿಷಯಗಳ ಪ್ರಶ್ನೆಪತ್ರಿಕೆಗಳನ್ನು ಯಂತ್ರಕ್ಕೆ ಕೊಟ್ಟು, ಆ ಉತ್ತರಗಳನ್ನು ವಿದ್ಯಾರ್ಥಿಗಳ ಉತ್ತರಗಳ ಜೊತೆಗೆ ಬೆರೆಸಿ ಅಂಕ ಹಾಕಿದರು. ಯಂತ್ರಕ್ಕೆ ಸರಾಸರಿ ಸಿ ಪ್ಲಸ್ ದರ್ಜೆ ಬಂತು. ಮೇಲ್ದರ್ಜೆಯಲ್ಲ, ಆದರೆ ಪಾಸು. ಅಂದಿನಿಂದ ಯಂತ್ರಗಳು ಇನ್ನೂ ಸುಧಾರಿಸಿವೆ. ಹಾಗಾದರೆ ಮನೆಯಲ್ಲಿ ಬರೆದು ತಂದ ಉತ್ತರಕ್ಕೆ ಅಂಕ ಹಾಕಿದರೆ, ಆ ಅಂಕ ಯಾರದು?

ಇದೇ ಪ್ರಶ್ನೆ 2024ರಲ್ಲಿ ನಮ್ಮ ದೇಶದ ಹೈಕೋರ್ಟಿಗೆ ಹೋಯಿತು. ಹರಿಯಾಣದ ಸೋನಿಪತ್‌ನಲ್ಲಿರುವ ಓ.ಪಿ. ಜಿಂದಾಲ್ ಗ್ಲೋಬಲ್ ವಿಶ್ವವಿದ್ಯಾಲಯದ ಎಲ್‌ಎಲ್.ಎಂ. ವಿದ್ಯಾರ್ಥಿಯೊಬ್ಬರ ಉತ್ತರದಲ್ಲಿ ಶೇಕಡಾ 88ರಷ್ಟು ಯಂತ್ರದ ಬರಹವಿದೆ ಎಂದು ವಿಶ್ವವಿದ್ಯಾಲಯ ಅವರನ್ನು ಒಂದು ವಿಷಯದಲ್ಲಿ ನಪಾಸು ಮಾಡಿತು. ಅವರು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿಗೆ ಹೋದರು. ಉತ್ತರ ತಮ್ಮದೇ, ಯಂತ್ರ ಬಳಸಬಾರದೆಂಬ ನಿಯಮವನ್ನೂ ವಿಶ್ವವಿದ್ಯಾಲಯ ಮಾಡಿಲ್ಲ ಎಂದು ವಾದಿಸಿದರು. ಮೊಕದ್ದಮೆ ನಡೆಯುತ್ತಿರುವಾಗಲೇ ವಿಶ್ವವಿದ್ಯಾಲಯ ಅವರನ್ನು ಪಾಸು ಮಾಡಿತು. 2024ರ ನವೆಂಬರಿನಲ್ಲಿ ಪ್ರಕರಣ ಮುಗಿಯಿತು. ಯಾರದು ಸರಿ ಎಂಬ ಮೂಲ ಪ್ರಶ್ನೆಗೆ ತೀರ್ಪು ಬರಲೇ ಇಲ್ಲ.

ಈ ಶೇಕಡಾ ಲೆಕ್ಕ ಹೇಗೆ ಬರುತ್ತದೆ? ಯಂತ್ರ ಬರೆದದ್ದನ್ನು ಪತ್ತೆ ಹಚ್ಚಲು ಮತ್ತೊಂದು ಯಂತ್ರ ಇಟ್ಟಿದ್ದಾರೆ. ಅದು ಬರಹದ ಧಾಟಿ ನೋಡಿ ಅಂದಾಜು ಹೇಳುತ್ತದೆ, ಅಷ್ಟೆ. 2023ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಏಳು ಪತ್ತೆ ಸಾಧನಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ತಾಯ್ನುಡಿಯಲ್ಲದ ವಿದ್ಯಾರ್ಥಿಗಳು ಸ್ವಂತವಾಗಿ ಬರೆದ 91 ಪ್ರಬಂಧಗಳನ್ನು ಕೊಟ್ಟಾಗ, ಸರಾಸರಿ ಅರ್ಧಕ್ಕಿಂತ ಹೆಚ್ಚಿನವನ್ನು ಯಂತ್ರದ ಬರಹವೆಂದು ಅವು ತಪ್ಪಾಗಿ ಹೇಳಿದವು. ಹೊಸದಾಗಿ ಇಂಗ್ಲಿಷ್ ಕಲಿತವರು ಗೊತ್ತಿರುವ ಸರಳ ಪದಗಳನ್ನೇ ಮತ್ತೆ ಮತ್ತೆ ಬಳಸುತ್ತಾರೆ. ಆ ಧಾಟಿ ಯಂತ್ರದ ಧಾಟಿಯಂತೆ ಕಾಣುತ್ತದೆ. ನಾರಾಯಣಖೇಡದ ಕನ್ನಡ ಶಾಲೆಯಲ್ಲೋ, ತಾಂಡೂರಿನ ತೆಲುಗು ಶಾಲೆಯಲ್ಲೋ ಓದಿ ಕಷ್ಟಪಟ್ಟು ಇಂಗ್ಲಿಷಿನಲ್ಲಿ ಬರೆದ ನಮ್ಮ ಮಗಳನ್ನು ಕರೆದು, "ನೀನು ಕದ್ದಿದ್ದೀ" ಎಂದು ಯಂತ್ರದ ಮಾತಿನ ಮೇಲೆ ಹೇಳಿದರೆ, ಅವಳು ಏನು ಸಾಕ್ಷಿ ತರಬೇಕು? ಕೇವಲ ಪತ್ತೆ ಯಂತ್ರದ ಮಾತಿನ ಮೇಲೆ ಒಂದು ಮಗುವಿನ ವರ್ಷ ಹಾಳು ಮಾಡಬಾರದು.

ಹಾಗಾದರೆ ಪರೀಕ್ಷೆ ಹೇಗಿರಬೇಕು? ಇಲ್ಲಿ ನನ್ನ ಬ್ಯಾಂಕಿನ ಅನುಭವವೊಂದು ಹೇಳುತ್ತೇನೆ. ನಾನು ಕೆಲಸ ಮಾಡಿದ ಒಂದು ಶಾಖೆಗೆ ಲೆಡ್ಜರ್ ಬರೆಯುವ ಗಣಕಯಂತ್ರ ಬಂದ ಹೊಸದು. ಅದಕ್ಕೆ ಮೊದಲು ಉಳಿತಾಯ ಖಾತೆಗಳ ಬಡ್ಡಿಯನ್ನು ನಾವು ಕೈಯಿಂದ ಹಾಕಿ, ಇನ್ನೊಬ್ಬರು ತಾಳೆ ನೋಡಿ ಸಹಿ ಹಾಕುತ್ತಿದ್ದೆವು. ಯಂತ್ರ ಬಂದ ಮೇಲೆ ಬಡ್ಡಿಯ ಪಟ್ಟಿ ತಾನೇ ಅಚ್ಚಾಗಿ ಬಂತು. ಯಂತ್ರದ ಲೆಕ್ಕ ತಪ್ಪುತ್ತದೆಯೇ ಎಂದು ನಾನು ನೋಡದೆ ಪುಟಪುಟಕ್ಕೂ ಸಹಿ ಹಾಕಿದೆ. ಬಡ್ಡಿಯ ದರವನ್ನು ಯಾರೋ ತಪ್ಪಾಗಿ ಉಣಿಸಿದ್ದರು. ಖಾತೆದಾರರೊಬ್ಬರು ಪಾಸ್‌ಬುಕ್ ಹಿಡಿದು ಬಂದು ಕೇಳಿದಾಗ ಬಯಲಾಯಿತು. ಮ್ಯಾನೇಜರು ಪಟ್ಟಿಯ ಮೇಲಿನ ನನ್ನ ಸಹಿಗೆ ಬೆರಳಿಟ್ಟು, "ಮಷೀನಿಗೆ ಮೆಮೊ ಕೊಡಲಿಕ್ಕೆ ಬರೋದಿಲ್ಲ, ನಿಮಗೇ ಕೊಡಬೇಕಾಗ್ತದ" ಎಂದರು. ಆ ಮೆಮೊ ಇವತ್ತಿಗೂ ನನ್ನ ಟ್ರಂಕಿನಲ್ಲಿದೆ. ಆಮೇಲೆ ನಿವೃತ್ತಿಯವರೆಗೆ ಯಂತ್ರವನ್ನು ಬಳಸಿದೆ, ಆದರೆ ಪ್ರತಿ ಪಟ್ಟಿಯಲ್ಲಿ ನಾಲ್ಕಾರು ಲೆಕ್ಕ ಕೈಯಿಂದ ಹಾಕಿ ನೋಡದೆ ಸಹಿ ಹಾಕಲಿಲ್ಲ.

ವಕೀಲನದ್ದೂ ಸಹಿಯ ಕೆಲಸವೇ. ನೋಟೀಸಿನ ಕೆಳಗೆ, ವಕಾಲತ್ತಿನ ಕೆಳಗೆ ಅವನ ಸಹಿ ಇರುತ್ತದೆ. ಆದ್ದರಿಂದ ಈ ಹುಡುಗ ತಾನು ಸಹಿ ಹಾಕಿದ್ದಕ್ಕೆ ಜವಾಬು ಕೊಡಬಲ್ಲನೇ ಎಂಬುದನ್ನು ಕಾನೂನು ಪರೀಕ್ಷೆ ಅಳೆಯಬೇಕು. ಅದಕ್ಕೆ ಹೊಸ ದಾರಿ ಹುಡುಕಬೇಕಾಗಿಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿಯೇ ದಾರಿ ಇದೆ. ಅಣಕು ನ್ಯಾಯಾಲಯಕ್ಕೆ 30 ಅಂಕ. ಒಂದು ಸಿವಿಲ್, ಒಂದು ಕ್ರಿಮಿನಲ್ ಮೊಕದ್ದಮೆಯನ್ನು ಕೋರ್ಟಿನಲ್ಲಿ ಕುಳಿತು ನೋಡಿ ದಿನಚರಿ ಬರೆಯುವುದಕ್ಕೆ 30. ಕಕ್ಷಿದಾರರನ್ನು ಮಾತಾಡಿಸುವುದನ್ನು, ಮೊಕದ್ದಮೆಗೆ ತಯಾರಿ ನಡೆಸುವುದನ್ನು ಕಲಿಯಲು 30. ಬಾಯಿ ಪರೀಕ್ಷೆಗೆ 10. ಇದು ಚೆನ್ನಾಗಿದೆ. ಆದರೆ ದಾವೆ, ಅರ್ಜಿ, ಕ್ರಯಪತ್ರ ಬರೆಯುವ ವಿಷಯದಲ್ಲಿ ಬರೆದು ತಂದ ಕಾಗದಕ್ಕೆ 90 ಅಂಕ, ಬಾಯಿ ಪರೀಕ್ಷೆಗೆ 10 ಮಾತ್ರ. ಹಿಂದೆಯೂ ಹಿರಿಯ ವಿದ್ಯಾರ್ಥಿಗಳ ಪುಸ್ತಕ ನೋಡಿ ನಕಲು ಮಾಡುವವರು ಇದ್ದರು. ಆಗ ನಕಲಿಗೆ ವಾರ ಹಿಡಿಯುತ್ತಿತ್ತು, ಈಗ ಐದು ನಿಮಿಷ ಸಾಕು. ಈ ಲೆಕ್ಕ ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ. ಬರೆದು ತಂದವರನ್ನು ಹತ್ತು ನಿಮಿಷ ಎದುರಿಗೆ ಕೂಡಿಸಿಕೊಂಡು, ಈ ಕಲಮು ಏಕೆ ಹಾಕಿದಿ, ಈ ತೀರ್ಪಿನಲ್ಲಿ ಸೋತವರು ಯಾರು, ಎದುರು ವಕೀಲ ಏನು ಹೇಳಬಹುದು ಎಂದು ಕೇಳಿದರೆ ಸಾಕು. ಬರೆದವರು ಯಾರೆಂದು ಪತ್ತೆ ಯಂತ್ರಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ. ಒಂದು ತರಗತಿಯಲ್ಲಿ ಅರವತ್ತು, ಎಂಬತ್ತು ಜನ ಇದ್ದರೆ ಅಧ್ಯಾಪಕರಿಗೆ ಇದು ಹೊರೆಯೇ ಸರಿ. ಎಲ್ಲರನ್ನೂ ಪ್ರತಿ ಸಲ ಕೇಳಲಾಗದಿದ್ದರೆ ಚೀಟಿ ಎತ್ತಿ ಕೆಲವರನ್ನು ಕೇಳಬಹುದು. ಯಾರ ಹೆಸರು ಬರುತ್ತದೋ ತಿಳಿಯದಿದ್ದಾಗ ಎಲ್ಲರೂ ಓದಿಯೇ ಬರುತ್ತಾರೆ.

ಹಾಗೆಂದು ಯಂತ್ರವನ್ನು ಬಾಗಿಲಾಚೆ ನಿಲ್ಲಿಸಿರಿ ಎಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಕಲಿತವರಿಲ್ಲದ, ಪುಸ್ತಕ ಕೊಳ್ಳಲು ದುಡ್ಡಿಲ್ಲದ ಮಕ್ಕಳಿಗೆ ಇದು ದೊಡ್ಡ ಆಸರೆ. ಇಂಗ್ಲಿಷಿನ ಕಠಿಣ ತೀರ್ಪನ್ನು ಕನ್ನಡದಲ್ಲೋ ತೆಲುಗಿನಲ್ಲೋ ಬಿಡಿಸಿ ಹೇಳು ಎಂದರೆ ಹೇಳುತ್ತದೆ. "ನಾನು ವಾದಿಯ ವಕೀಲ, ನೀನು ಎದುರು ವಕೀಲನಾಗಿ ವಾದ ಮಾಡು" ಎಂದರೆ ರಾತ್ರಿ ಎರಡು ಗಂಟೆಗೂ ಬೇಸರವಿಲ್ಲದೆ ಮಾಡುತ್ತದೆ. ಸುಪ್ರೀಂ ಕೋರ್ಟ್ ಕೂಡ 2019ರಿಂದ ಸುವಾಸ್ ಎಂಬ ಅನುವಾದ ಯಂತ್ರವನ್ನು ಬಳಸುತ್ತಿದೆ, ಅದರ ತೀರ್ಪುಗಳು ಕನ್ನಡ, ತೆಲುಗಿಗೂ ಅನುವಾದವಾಗುತ್ತಿವೆ. ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ತನ್ನ ಜಿಲ್ಲಾ ನ್ಯಾಯಾಲಯಗಳಿಗೆ ಒಂದು ನೀತಿ ಮಾಡಿಕೊಟ್ಟಿತು. ತೀರ್ಮಾನಕ್ಕೆ ಬರಲು, ತೀರ್ಪು ಕೊಡಲು ಈ ಯಂತ್ರ ಬಳಸಕೂಡದು. ಬೇರೆ ಕೆಲಸಕ್ಕೆ ಬಳಸಿದರೂ ಮನುಷ್ಯರು ಪರಿಶೀಲಿಸಲೇಬೇಕು ಎಂದು ಅದರಲ್ಲಿದೆ. ನಮ್ಮಂತೆಯೇ ಗಡಿಯಲ್ಲಿರುವ ಕಾಸರಗೋಡಿನ ಕನ್ನಡಿಗರ ಕೋರ್ಟುಗಳಿಗೂ ಈ ನೀತಿ ಅನ್ವಯಿಸುತ್ತದೆ. ಕಾಲೇಜುಗಳೂ ಹೀಗೆ ಬರವಣಿಗೆಯಲ್ಲಿ ನಿಯಮ ಮಾಡಿ, ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಳಸಬಾರದು ಎಂದು ವರ್ಷದ ಆರಂಭದಲ್ಲೇ ಹೇಳಿಬಿಟ್ಟರೆ ಅರ್ಧ ಜಗಳ ಮುಗಿಯುತ್ತದೆ.

ಕೊನೆಗೆ ಮೂರು ಮಾತು.

ಕಾನೂನು ಓದುವ ಮಕ್ಕಳಿಗೆ ಮೊದಲನೆಯದು. ಯಂತ್ರಕ್ಕೆ ಪ್ರಶ್ನೆ ಹಾಕುವಾಗ ಯಾವ ರಾಜ್ಯದ ಕಾನೂನು ಎಂದು ಸ್ಪಷ್ಟವಾಗಿ ಹೇಳಿರಿ. ಇಸವಿಯನ್ನೂ ಹೇಳಿರಿ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಜನ ಇನ್ನೂ ನಾಲ್ಕುನೂರಾ ಇಪ್ಪತ್ತು ಎಂದು ಬೈಯುತ್ತಾರೆ, ಆದರೆ ಹೊಸ ಪುಸ್ತಕದಲ್ಲಿ ಆ ಮೋಸದ ಅಪರಾಧ 318ನೇ ಕಲಮಿನಲ್ಲಿದೆ. ಯಂತ್ರ ಹಳೆಯದನ್ನು, ಹೊಸದನ್ನು ಬೆರೆಸಿ ಹೇಳಬಹುದು. ಅದು ಹೇಳಿದ ಕಾಯ್ದೆಯನ್ನು ಸರ್ಕಾರದ ಇಂಡಿಯಾ ಕೋಡ್ ತಾಣದಲ್ಲಿ, ತೀರ್ಪನ್ನು ಸುಪ್ರೀಂ ಕೋರ್ಟಿನ ಉಚಿತ ಇ-ಎಸ್.ಸಿ.ಆರ್. ತಾಣದಲ್ಲಿ ಅಥವಾ ಆಯಾ ಹೈಕೋರ್ಟಿನ ತಾಣದಲ್ಲಿ ತೆಗೆದು ಕಣ್ಣಾರೆ ಓದಿರಿ. ನೀವು ಬರೆದ ಕಚ್ಚಾ ಪ್ರತಿಗಳನ್ನು ಬಿಸಾಡಬೇಡಿ. ನಾಳೆ ಯಾರಾದರೂ ಸಂಶಯಪಟ್ಟರೆ ಅವೇ ನಿಮ್ಮ ಸಾಕ್ಷಿ.

ತಂದೆತಾಯಿಗಳಿಗೆ ಎರಡನೆಯದು. ಅಂಕ ಎಷ್ಟು ಬಂತು ಎಂದು ಕೇಳುವ ಜೊತೆಗೆ, ಬರೆದದ್ದನ್ನು ನಮ್ಮ ಮಾತಿನಲ್ಲಿ ನನಗೆ ತಿಳಿಸು ಎಂದು ಕೇಳಿರಿ. ನಿಮಗೆ ಅಕ್ಷರ ಬಾರದಿದ್ದರೂ ಚಿಂತೆಯಿಲ್ಲ. ತಿಳಿದವರು ತಿಳಿಸಬಲ್ಲರು.

ಮೂರನೆಯದು ಕೋರ್ಟಿಗೆ ಅಲೆಯುವ ನಮ್ಮೆಲ್ಲರಿಗೆ. ವಕೀಲ ಸಾಹೇಬರು ಒಂದು ತೀರ್ಪು ನಮ್ಮ ಪರವಾಗಿದೆ ಎಂದರೆ, "ಅದರ ನಕಲೊಂದು ಕೊಡ್ರಿ, ಕಾಗದದ ಜೊತೆ ಇಟ್ಕೋತೀನಿ" ಎಂದು ವಿನಯದಿಂದ ಕೇಳಿರಿ. ಅದರಲ್ಲಿ ತಪ್ಪೇನೂ ಇಲ್ಲ. ಮೊಬೈಲ್ ಯಂತ್ರವನ್ನೇ ಕೇಳಿ ತಾವೇ ಅರ್ಜಿ ಗೀಚುವವರು ತಹಸೀಲಿಗೆ ಹೋಗುವ ಮೊದಲು ಒಬ್ಬ ತಿಳಿದವರಿಗೆ ತೋರಿಸಿರಿ.

ನಮ್ಮ ಓಣಿಯ ಹುಡುಗ ಆ ಎಂಟು ಪುಟಗಳನ್ನು ಬದಿಗಿಟ್ಟು, 1977ರ ಕಾಯ್ದೆಯನ್ನು ತೆಗೆದು ಓದಿ, ಹೊಸದಾಗಿ ಐದು ಪುಟ ಬರೆದ. ಇಂಗ್ಲಿಷು ಮೊದಲಿನಷ್ಟು ನಯವಾಗಿರಲಿಲ್ಲ. ಅಧ್ಯಾಪಕರು ಕರೆದು ಪ್ರಶ್ನೆ ಕೇಳಿದಾಗ ಎದ್ದು ನಿಂತು ಉತ್ತರ ಕೊಟ್ಟನಂತೆ. ಮುಂದಿನ ಸಲ ಊರಿಗೆ ಬಂದಾಗ ಅವನ ಮನೆಯ ಹಳೆಯ ಪಟ್ಟಾದ ಕಾಗದವನ್ನು ನಾವಿಬ್ಬರೂ ಕೂತು ಓದಿದೆವು. ಅವನ ಅಜ್ಜನಿಗೂ ಸರ್ಕಾರ ಎರಡು ಎಕರೆ ಕೊಟ್ಟಿತ್ತು, ಕಾನೂನು ತಿಳಿಯದೆ ಅದನ್ನು ಯಾರಿಗೋ ಬರೆದುಕೊಟ್ಟಿದ್ದರು. "ಕಾಕಾ, ಆ ಎಂಟು ಪುಟ ಹಂಗೇ ಕೊಟ್ಟಿದ್ರ ನನಗ ಅಂಕ ಬರ್ತಿದ್ದವು, ಈ ಕಾಗದ ಮಾತ್ರ ತಿಳೀತಿರಲಿಲ್ಲ ನೋಡ್ರಿ" ಎಂದ.